ಅಜ್ಜನ ಅಜ್ಜ ಸಿಗಬೇಕಾದರೆ ಅಜ್ಜಿಯನ್ನು ಹುಡುಕಿ

ಪ್ರಶ್ನೆ: ನನ್ನ ಮಗ ಅಮೆರಿಕದ ಓಹಾಯೋದಲ್ಲಿದ್ದಾನೆ. ಸೊಸೆ ಅಲ್ಲಿಯವಳೇ. ಹೋದ ಮಹಾಲಯಕ್ಕೆ ಊರಿಗೆ ಬಂದಿದ್ದಳು. ಭಟ್ಟರು ಮೂರು ತಲೆಮಾರಿನ ಹೆಸರು ಹೇಳಿಸುವುದನ್ನು ನೋಡಿ, 'ನನ್ನ ಕಡೆಯವರದ್ದೂ ಹುಡುಕಬೇಕು ಅತ್ತೆ' ಅಂತ ಹಟ ಹಿಡಿದಿದ್ದಾಳೆ. ಅವಳ ಅಜ್ಜನ ಅಜ್ಜ ಅಲ್ಲಿಯ ಅಂತರ್ಯುದ್ಧದಲ್ಲಿ ಉತ್ತರದವರ ಕಡೆ ಸೈನಿಕನಾಗಿದ್ದನಂತೆ. ಒಂದು ಫೋಟೊ ಇದೆ. ಅದರ ಹಿಂದೆ ಹೆಸರು, '1863', ಅಷ್ಟೇ. ಅದೇ ಹೆಸರಿನವರು ಹತ್ತಾರು ಜನ ಸಿಗುತ್ತಾರೆ. ಇವರಲ್ಲಿ ನಮ್ಮವನು ಯಾರು?
— ಒಬ್ಬ ಅತ್ತೆ, ಶಿರಸಿ

ಉತ್ತರ: ಅಕ್ಕಾ, 'ನಮ್ಮವನು' ಅಂತ ಬರೆದಿದ್ದೀರಲ್ಲ, ಓದಿ ಖುಷಿಯಾಯಿತು. ನಾನು ಕಾರವಾರದಲ್ಲಿ ಮೂವತ್ತು ವರ್ಷ ಹಳೇ ದಫ್ತರುಗಳ ಧೂಳು ಕುಡಿದವನು. ನಮ್ಮಣ್ಣನ ಸೊಸೆಯೂ ಆ ಕಡೆಯವಳೇ. ಅವಳಿಗಾಗಿ ಎರಡು ಮಳೆಗಾಲ ಇದೇ ಕೆಲಸ ಮಾಡಿದ್ದೇನೆ.

ಮೊದಲು ಆ ಫೋಟೊ ಬದಿಗಿಡಿ. ಒಂದೇ ಸಲಕ್ಕೆ 1863ಕ್ಕೆ ಹಾರಿದರೆ ಬೇರೆ ಯಾರದೋ ಅಜ್ಜ ಮನೆಗೆ ಬರುತ್ತಾನೆ. ನನಗೆ ಹಾಗೇ ಆಯಿತು, ನಾಲ್ಕು ತಿಂಗಳು ದಂಡ. ಸೊಸೆಯ ಅಜ್ಜನಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಿರಿ.

ಅಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ. ಮನೆಮನೆಯ ಹಾಳೆಯನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಎಲ್ಲರಿಗೂ ಬಿಡುತ್ತಾರೆ. 1950ರದ್ದು 2022ರಲ್ಲಿ ಬಂತು. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. 1900ರ ಹಾಳೆ ಸಿಕ್ಕರೆ ಬಿಡಬೇಡಿ. ಹುಟ್ಟಿದ ತಿಂಗಳು, ಮದುವೆಯಾಗಿ ಎಷ್ಟು ವರ್ಷ, ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು, ಎಲ್ಲ ಕೇಳಿ ಬರೆದಿದ್ದಾರೆ. 1890ರದ್ದು ಮಾತ್ರ ಹುಡುಕಬೇಡಿ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಬಹಳಷ್ಟು ಹಾಳಾಯಿತು, ಉಳಿದದ್ದನ್ನೂ ಆಮೇಲೆ ಹೆಚ್ಚುಕಮ್ಮಿ ಪೂರ್ತಿ ನಾಶಮಾಡಿದರು. 1900ರಿಂದ ನೇರ 1880ಕ್ಕೆ ದಾಟಬೇಕು. ಈ ಮಧ್ಯೆ ಹುಟ್ಟಿದ ಮಗು ದೊಡ್ಡದಾಗಿ ಮನೆ ಬಿಟ್ಟೇ ಹೋಗಿರುತ್ತದೆ. ಎಷ್ಟೋ ಜನರ ದಾರಿ ತಪ್ಪುವುದು ಇಲ್ಲೇ.

ಹಾಗಾದರೆ ಹತ್ತು ಜನರಲ್ಲಿ ನಮ್ಮವನು ಯಾರು? ಅವನ ಹೆಂಡತಿಯನ್ನು ಹಿಡಿಯಿರಿ. ಸೈನಿಕ ತೀರಿಹೋದ ಮೇಲೆ ವಿಧವೆ ಪಿಂಚಣಿಗೆ ಅರ್ಜಿ ಹಾಕಬೇಕಿತ್ತು. ತಾನು ಅವನ ಹೆಂಡತಿ ಅಂತ ಸಾಬೀತು ಮಾಡಬೇಕಿತ್ತು. ಮದುವೆ ದಾಖಲೆ, ನೆರೆಯವರ ಹೇಳಿಕೆ, ಮಕ್ಕಳ ಜನ್ಮದಿನ ಎಲ್ಲ ಆ ಕಡತದಲ್ಲಿ ಇರುತ್ತವೆ. ನಮ್ಮ ಹುಡುಗಿಯ ಆ ಕಾಲದ ಅಜ್ಜಿ ಅರ್ಜಿಯ ಜೊತೆ ಮನೆಯ ಬೈಬಲಿನಿಂದ ಒಂದು ಹಾಳೆಯನ್ನೇ ಹರಿದು ಕಳಿಸಿದ್ದಳು. ಅದರಲ್ಲಿ ಏಳು ಮಕ್ಕಳ ಹೆಸರು. ಐದನೆಯದರ ಎದುರು ಹುಟ್ಟು, ಸಾವು ಎರಡೂ ಒಂದೇ ತಿಂಗಳಲ್ಲಿ. ಜನಗಣತಿಯ ಯಾವ ಹಾಳೆಯಲ್ಲೂ ಆ ಕೂಸು ಇಲ್ಲ. ಶಾಯಿ ಅಲ್ಲಿ ಸ್ವಲ್ಪ ಹರಡಿದೆ. ಕಣ್ಣೀರು ಅಂತ ಹುಡುಗಿ ಹೇಳಿದಳು, ಮಳೆನೀರೂ ಇರಬಹುದು. ನಾನು ವಾದ ಮಾಡಲಿಲ್ಲ.

ಕಡತ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದ ಸುಪರ್ದಿಯಲ್ಲಿದೆ. ಹಣ ಕಟ್ಟಿ ಪ್ರತಿ ತರಿಸಬೇಕು. ಸೂಚಿ ಕಾರ್ಡಿನಲ್ಲಿ ಸೈನಿಕನ ಹೆಸರು, ವಿಧವೆಯ ಹೆಸರು, ರೆಜಿಮೆಂಟ್ ಸಿಗುತ್ತವೆ. (ದಕ್ಷಿಣದವರ ಕಡೆ ಹೋರಾಡಿದ್ದರೆ ಪಿಂಚಣಿ ಕೊಟ್ಟಿದ್ದು ಆಯಾ ರಾಜ್ಯ. ಆಗ ಬೇರೆ ಕಡೆ ಹುಡುಕಬೇಕಿತ್ತು.)

ಆದರೆ ಅಜ್ಜಿಯ ತವರಿನ ಹೆಸರು ಎಲ್ಲಿ ಸಿಗಬೇಕು? ಮದುವೆಯಾದ ಮೇಲೆ ಅಡ್ಡಹೆಸರು ಬದಲು. ನಮ್ಮಲ್ಲೂ ಹಾಗೇ ಅಲ್ವಾ, ಮದುಮಗಳ ಹೆಸರನ್ನೇ ಬದಲಿಸುತ್ತಿದ್ದರು. ನನ್ನ ಅಮ್ಮನ ಮೊದಲಿನ ಹೆಸರು ನನಗೆ ಗೊತ್ತಾಗಿದ್ದು ಅವರು ತೀರಿಕೊಂಡ ಮೇಲೆ, ಅಜ್ಜನಮನೆಯ ಟ್ರಂಕಿನಲ್ಲಿದ್ದ ಒಂದು ಕಾಗದದಿಂದ. ಆ ಸೈನಿಕನ ಮಗ ಓಹಾಯೋದಲ್ಲೇ ತೀರಿಕೊಂಡಿದ್ದರೆ ಅವನ ಮರಣಪತ್ರ ನೋಡಿ. 1908ರ ಡಿಸೆಂಬರ್ 20ರಿಂದ ಅಲ್ಲಿ ರಾಜ್ಯವೇ ಅದನ್ನು ಇಡಲು ಶುರುಮಾಡಿತು. ತಾಯಿಯ ತವರಿನ ಹೆಸರು ಬರೆಯುವ ಜಾಗ ಅದರಲ್ಲಿದೆ. ಅದಕ್ಕೂ ಹಿಂದಿನದು, 1867ರಿಂದ, ಆಯಾ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಪ್ರೊಬೇಟ್ ಕೋರ್ಟಿನಲ್ಲಿ, ಅಂದರೆ ಉಯಿಲು-ವಾರಸು ನೋಡುವ ಕೋರ್ಟಿನಲ್ಲಿ.

ಆ ಹೆಸರು ಸಿಕ್ಕಿದ ದಿನ ನನಗೂ ಒಂದು ಕಾರ್ಡು ಹಾಕಿ ಅಕ್ಕಾ.