ಕನ್ಸೋಲ್ ಖಾಲಿ, ಮೀಟರಿನಲ್ಲಿ ಮೈನಸ್ 70

ಪ್ರಶ್ನೆ: ಸೋಮವಾರಪೇಟೆ ಕಡೆ ಮನೆಗಳಿಗೆ ಫೈಬರ್ ಇಂಟರ್ನೆಟ್ ಕೊಡುತ್ತಿದ್ದೇವೆ. ಗುಡುಗು ಬಂದು ಕರೆಂಟ್ ಹೋದ ಮೇಲೆ, ಓಎಲ್‌ಟಿಗೆ (ಮನೆಗಳಿಗೆ ಹೋಗುವ ಫೈಬರ್‌ಗಳನ್ನೆಲ್ಲ ನಡೆಸುವ ನಮ್ಮ ಕಡೆಯ ಪೆಟ್ಟಿಗೆ) ಲ್ಯಾಪ್‌ಟಾಪ್‌ನಿಂದ ಕನ್ಸೋಲ್ ಕೇಬಲ್ (ನೇರ ಆಜ್ಞೆ ಕೊಡುವ ಕೇಬಲ್) ಹಾಕಿದರೆ ಒಮ್ಮೆ ಪರದೆ ಖಾಲಿ, ಒಮ್ಮೆ ಅರ್ಥವಿಲ್ಲದ ಅಕ್ಷರ. ಗ್ರಾಹಕರ ಇಂಟರ್ನೆಟ್ ಮಾತ್ರ ನಡೆಯುತ್ತಿದೆ. ಓಎಲ್‌ಟಿ ಕೆಟ್ಟಿತೇ?

ಉತ್ತರ: ಇಂಟರ್ನೆಟ್ ನಡೆಯುತ್ತಿದೆಯಲ್ಲ, ಓಎಲ್‌ಟಿ ಬದುಕಿದೆ. ಆಫ್ ಮಾಡಿ ಆನ್ ಮಾಡುವ ಆತುರ ಬೇಡ. ಸೇವ್ ಮಾಡದ ಸೆಟ್ಟಿಂಗ್‌ಗಳೂ ಅದರೊಂದಿಗೆ ಹೋಗುತ್ತವೆ.

ಅರ್ಥವಿಲ್ಲದ ಅಕ್ಷರ ಬಂದರೆ ಸಾಮಾನ್ಯವಾಗಿ ಲ್ಯಾಪ್‌ಟಾಪ್‌ನ ಟರ್ಮಿನಲ್ ಪ್ರೋಗ್ರಾಂ ಮತ್ತು ಓಎಲ್‌ಟಿಯ ವೇಗ ಹೊಂದಿಲ್ಲ ಎಂದರ್ಥ. ಟರ್ಮಿನಲ್‌ನಲ್ಲಿ ವೇಗ 9600 ಅಥವಾ 115200, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಫ್ಲೋ ಕಂಟ್ರೋಲ್ ಬೇಡ ಎಂದು ಇಟ್ಟು ನೋಡಿ. ಪರದೆ ಖಾಲಿಯಾದರೆ ಮೊದಲು ಕಂಟ್ರೋಲ್-ಕ್ಯೂ ಒತ್ತಿ, ಆಮೇಲೆ ಎರಡು ಸಲ ಎಂಟರ್. ಕೈತಪ್ಪಿ ಕಂಟ್ರೋಲ್-ಎಸ್ ಬಿದ್ದಿದ್ದರೆ ಟರ್ಮಿನಲ್ ಹಾಗೇ ನಿಂತುಬಿಡುತ್ತದೆ, ಕ್ಯೂ ಒತ್ತಿದರೇ ಬಿಡುವುದು. ಕನ್ಸೋಲ್ ಕೇಬಲನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಯುಎಸ್‌ಬಿ ಕನ್ವರ್ಟರನ್ನು ಬೇರೆ ತೂತಿಗೆ ಹಾಕಿದ್ದರೆ ವಿಂಡೋಸ್‌ನಲ್ಲಿ ಕಾಮ್ ಪೋರ್ಟ್ ಸಂಖ್ಯೆ ಬದಲಾಗಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾಣುತ್ತದೆ.

ಆಗಲೂ ಖಾಲಿಯೇ? ಕೇಬಲ್ ತೆಗೆದು, ಕನ್ವರ್ಟರಿನ ಒಂಬತ್ತು ಪಿನ್ನಿನ ತುದಿಯಲ್ಲಿ 2 ಮತ್ತು 3ನೇ ಪಿನ್ ತಂತಿಯಿಂದ ಜೋಡಿಸಿ, ಲೋಕಲ್ ಎಕೋ (ಒತ್ತಿದ ಅಕ್ಷರವನ್ನು ಟರ್ಮಿನಲ್ ತಾನೇ ತೋರಿಸುವುದು) ಆಫ್ ಇಟ್ಟು ಟೈಪ್ ಮಾಡಿ. ಅಕ್ಷರ ಮರಳಿ ಬಂದರೆ ಲ್ಯಾಪ್‌ಟಾಪ್, ಡ್ರೈವರ್, ಕನ್ವರ್ಟರ್ ಸರಿಯಿವೆ. ಉಳಿದದ್ದು ಕೇಬಲ್ ಅಥವಾ ಓಎಲ್‌ಟಿಯ ಕನ್ಸೋಲ್ ಪೋರ್ಟ್. ಕೇಬಲ್ ಬದಲಿಸಿಯೂ ಸದ್ದಿಲ್ಲದಿದ್ದರೆ ಮ್ಯಾನೇಜ್‌ಮೆಂಟ್ ಪೋರ್ಟಿನಿಂದ ನೆಟ್‌ವರ್ಕ್ ಮೂಲಕ, ಎಸ್‌ಎಸ್‌ಎಚ್ ಅಥವಾ ಟೆಲ್ನೆಟ್‌ನಲ್ಲಿ ಒಳಹೋಗಿ ಸೆಟ್ಟಿಂಗ್ ಸೇವ್ ಮಾಡಿ, ಬ್ಯಾಕಪ್ ತೆಗೆಯಿರಿ. ಅದಾದ ಮೇಲೆ, ಬಳಕೆ ಕಡಿಮೆಯಿರುವ ರಾತ್ರಿಯಲ್ಲಿ, ಟರ್ಮಿನಲ್ ತೆರೆದಿಟ್ಟುಕೊಂಡೇ ರೀಬೂಟ್ ಮಾಡಿ. ಬೂಟ್ ಸಂದೇಶವೂ ಬಾರದಿದ್ದರೆ ಪೋರ್ಟಿನ ಸೀರಿಯಲ್ ಚಿಪ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಲ್ಯಾಪ್‌ಟಾಪ್ ಚಾರ್ಜರ್ ಒಂದು ಅರ್ಥಿಂಗ್‌ನಲ್ಲಿ, ಓಎಲ್‌ಟಿ ಇನ್ನೊಂದರಲ್ಲಿ ಇದ್ದಾಗ ಮಿಂಚು ಬಡಿದರೆ ಆಗುವುದು ಇದೇ. ಕನ್ಸೋಲ್ ಹಾಕುವ ಮುನ್ನ ಚಾರ್ಜರ್ ಕಳಚಿ, ಬ್ಯಾಟರಿಯಲ್ಲೇ ಕೆಲಸ ಮಾಡಿ.

ಪ್ರಶ್ನೆ: ತೋಟದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ತುಂಡಾಗಿತ್ತು. ಸ್ಪ್ಲೈಸ್ ಮಾಡಿದರೂ (ಎಳೆ ಜೋಡಿಸಿದರೂ) ಫೈಬರಿನ ಬೆಳಕು ಅಳೆಯುವ ಪವರ್ ಮೀಟರ್ ಮೈನಸ್ 70 ಡಿಬಿಎಂ ತೋರಿಸುತ್ತದೆ. ಮೀಟರ್ ಕೆಟ್ಟಿರಬಹುದೇ? (ವಿರಾಜಪೇಟೆ)

ಉತ್ತರ: ಹಲವು ಮೀಟರ್‌ಗಳಲ್ಲಿ ಮೈನಸ್ 70 ಎಂದರೆ ಬೆಳಕೇ ಇಲ್ಲ. ಬೆಳಕು ಚೆನ್ನಾಗಿ ಬರುತ್ತಿರುವ ಇನ್ನೊಂದು ಮನೆಯ ಫೈಬರಿಗೆ ಹಾಕಿ, ಮೀಟರಿನ ತರಂಗಾಂತರ 1490 ನ್ಯಾನೋಮೀಟರ್‌ಗೆ ಇಟ್ಟು ನೋಡಿ. ಅಲ್ಲಿ ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗೆ ಬಂದರೆ ಮೀಟರ್ ಸರಿಯಿದೆ. ಸ್ಪ್ಲೈಸನ್ನೇ ಮತ್ತೆ ನೋಡಿ, ಬಣ್ಣ ತಪ್ಪಿ ಬೇರೆ ಎಳೆಗೆ ಜೋಡಿಸಿರುವುದೂ ಉಂಟು. ಓಟಿಡಿಆರ್ (ಬೆಳಕು ಕಳಿಸಿ ತುಂಡಾದ ಜಾಗ ಹುಡುಕುವ ಯಂತ್ರ) ಹಾಕುವುದಾದರೆ ಮೊದಲು ಆ ಲೈನ್ ಓಎಲ್‌ಟಿ ಕಡೆ ಕಳಚಿ. ಬೆಳಕಿರುವ ಫೈಬರಿಗೆ 1310 ಅಥವಾ 1550ರಲ್ಲಿ ಹಾಕಿದರೆ ಪರದೆಯ ಗೆರೆ ಕೆಡುತ್ತದೆ, ಯಂತ್ರದ ಡಿಟೆಕ್ಟರಿಗೂ ಅಪಾಯ. ಚಾಲೂ ಲೈನಿಗೆ ಫಿಲ್ಟರ್ ಇರುವ 1625 ಅಥವಾ 1650ರ ಪೋರ್ಟೇ ಬೇಕು. ಹಸಿರು ಕನೆಕ್ಟರನ್ನು ನೀಲಿಗೆ ಸೇರಿಸಬೇಡಿ. ಹಸಿರಿನ ತುದಿ 8 ಡಿಗ್ರಿ ಓರೆ.

ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಥಂಡಿಯಲ್ಲಿ ಕನೆಕ್ಟರ್ ತುದಿಗೆ ತೇವ ಕೂರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಕೂಡಲೇ ನೂಲು ಬಿಡದ ಒಣ ಬಟ್ಟೆಯಿಂದಲೂ ಒರೆಸಿ. ಮೀಟರ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ.