ಲಡಾಖ್ ದಾರಿಯಲ್ಲಿ ವಾಷರ್ ನೀರು ಚಿಮ್ಮದಿದ್ದರೆ

ಪ್ರಶ್ನೆ: ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹುಬ್ಬಳ್ಳಿಯಿಂದ ಮನಾಲಿ ಮಾರ್ಗವಾಗಿ ಲೇಹ್‌ಗೆ ನಮ್ಮದೇ ಕಾರಿನಲ್ಲಿ ಹೋಗಿದ್ದೆವು. ಸರ್ಚುವಿನಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಬೇಗ ಹೊರಟೆವು. ಮುಂದಿದ್ದ ಲಾರಿಗಳ ಧೂಳು ಗಾಜಿಗೆ ಮೆತ್ತಿಕೊಂಡಾಗ ವಾಷರ್ ಒತ್ತಿದರೆ ಮೋಟಾರಿನ ಸದ್ದು ಕೇಳಿಸುತ್ತಿತ್ತೇ ಹೊರತು ಒಂದು ಹನಿ ನೀರೂ ಬರಲಿಲ್ಲ. ತಂಗ್‌ಲಾಂಗ್ ಲಾ ಘಟ್ಟ ದಾಟುವವರೆಗೂ ಇದೇ ಸ್ಥಿತಿ. ಮಧ್ಯಾಹ್ನ ಲೇಹ್ ಸಮೀಪಿಸುವಷ್ಟರಲ್ಲಿ ತಾನಾಗಿಯೇ ಸರಿಹೋಯಿತು. ಟ್ಯಾಂಕಿಗೆ ನಲ್ಲಿ ನೀರು ತುಂಬಿ ಸ್ವಲ್ಪ ಶಾಂಪೂ ಬೆರೆಸಿದ್ದೆವು. ಎತ್ತರಕ್ಕೆ ಪಂಪ್ ಸೋತಿದೆ, ಬದಲಾಯಿಸಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬದಲಾಯಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಸುಮಾರು 5,300 ಮೀಟರ್ ಎತ್ತರದ ತಂಗ್‌ಲಾಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತದೆ ಎಂಬುದು ನಿಜ. ಆದರೆ ವಾಷರ್ ಪಂಪ್ ಇರುವುದು ಟ್ಯಾಂಕಿನ ತಳಭಾಗದಲ್ಲಿ. ನೀರು ತನ್ನ ತೂಕದಿಂದಲೇ ಅದರೊಳಕ್ಕೆ ಇಳಿಯುತ್ತದೆ, ಮತ್ತು ನೀರು ಚಿಮ್ಮುವ ನಾಜಲ್ ಬಾಯಲ್ಲಿ ಎದುರಾಗುವ ಗಾಳಿಯ ಒತ್ತಡವೂ ಅಷ್ಟೇ ಕಡಿಮೆಯಾಗಿರುತ್ತದೆ. ಹೀಗಾಗಿ ಕೇವಲ ಎತ್ತರದ ಕಾರಣಕ್ಕೆ ಒಳ್ಳೆಯ ಪಂಪ್ ನಿಲ್ಲುವುದಿಲ್ಲ.

ನಿಮ್ಮ ಪತ್ರದಲ್ಲಿಯೇ ಉತ್ತರವಿದೆ: ಬೆಳಿಗ್ಗೆ ನಿಂತದ್ದು ಮಧ್ಯಾಹ್ನ ಸರಿಹೋಗಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಸುಮಾರು 4,300 ಮೀಟರ್ ಎತ್ತರದ ಸರ್ಚುವಿನಲ್ಲಿ ಆ ಹೊತ್ತಿಗೆ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವುದು ಸಾಮಾನ್ಯ. ಟ್ಯಾಂಕಿನಲ್ಲಿರುವ ಎರಡು-ಮೂರು ಲೀಟರ್ ನೀರು ಒಂದೇ ರಾತ್ರಿಯಲ್ಲಿ ಪೂರ್ತಿ ಗಟ್ಟಿಯಾಗದಿರಬಹುದು. ಆದರೆ ಬಾನೆಟ್ ಮೇಲಿನ ನಾಜಲ್ ರಂಧ್ರ ಒಂದು ಮಿಲಿಮೀಟರ್ ಆಸುಪಾಸಿನದು, ಅದನ್ನು ಮುಚ್ಚಲು ಸಾಸಿವೆ ಕಾಳಿನಷ್ಟು ಮಂಜುಗಡ್ಡೆ ಸಾಕು. ಮೋಟಾರು ಸದ್ದು ಮಾಡುತ್ತಿದ್ದುದರಿಂದ ಪಂಪಿನ ಒಳಗೆ ಹೆಪ್ಪುಗಟ್ಟಿರಲಿಲ್ಲ, ನಾಜಲ್ ಅಥವಾ ಅದಕ್ಕೆ ಹೋಗುವ ತೆಳುವಾದ ಪೈಪು ಕಟ್ಟಿತ್ತು ಎಂದು ನನ್ನ ತೀರ್ಮಾನ. ಸದ್ದೇ ಬಾರದಿದ್ದಲ್ಲಿ ಮೊದಲು ಫ್ಯೂಸ್ ನೋಡಬೇಕಿತ್ತು, ಏಕೆಂದರೆ ಹೆಪ್ಪುಗಟ್ಟಿದ ಪಂಪನ್ನು ಪದೇ ಪದೇ ಒತ್ತಿದರೆ ಫ್ಯೂಸ್ ಸುಡುವ ಸಂಭವವಿದೆ.

ಶಾಂಪೂ ಬೆರೆಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಕಲ್ಲುಮುಳ್ಳಿನ ದಾರಿಯ ಕುಲುಕಾಟಕ್ಕೆ ಅದು ನೊರೆಗಟ್ಟುತ್ತದೆ, ನೊರೆ ಪಂಪಿನೊಳಕ್ಕೆ ಹೋದರೆ ಮೋಟಾರು ಗುಂಯ್ ಎಂದು ತಿರುಗಿದರೂ ನೀರನ್ನು ಮೇಲಕ್ಕೆ ತಳ್ಳಲಾರದು. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು, ಬ್ಯಾಗಿನಲ್ಲಿದ್ದ ಚಿಪ್ಸ್ ಪೊಟ್ಟಣ ಉಬ್ಬುವಂತೆಯೇ, ಎತ್ತರದಲ್ಲಿ ಹಿಗ್ಗುತ್ತವೆ.

ಇನ್ನೊಂದು ದೋಷ ಎತ್ತರಕ್ಕೆ ನೇರವಾಗಿ ಸಂಬಂಧಿಸಿದ್ದು, ಮತ್ತು ಅನೇಕರು ಅದನ್ನು ಗಮನಿಸುವುದೇ ಇಲ್ಲ. ಟ್ಯಾಂಕಿಗೆ ಗಾಳಿಯಾಡಲೆಂದು ಸಾಮಾನ್ಯವಾಗಿ ಮುಚ್ಚಳದಲ್ಲಿ ಅಥವಾ ಅದರ ಕತ್ತಿನ ಬಳಿ ಸಣ್ಣ ಕಿಂಡಿ ಇರುತ್ತದೆ. ನೀವು ತಂಗ್‌ಲಾಂಗ್ ಲಾಕ್ಕೆ ಮುನ್ನ ದಾಟಿದ ಮೋರೆ ಬಯಲಿನ ನುಣುಪು ಧೂಳು ಇಂತಹ ಕಿಂಡಿಯನ್ನು ಚೆನ್ನಾಗಿಯೇ ಮುಚ್ಚಬಲ್ಲದು. ಮುಚ್ಚಿದ ಟ್ಯಾಂಕಿನಿಂದ ನೀರು ತೆಗೆದಷ್ಟೂ ಒಳಗೆ ಒತ್ತಡ ಕುಸಿದು ಧಾರೆ ಕ್ಷೀಣಿಸುತ್ತದೆ. ಮೇಲೆ ತೆಳುಗಾಳಿ ತುಂಬಿಕೊಂಡ ಟ್ಯಾಂಕು ಕೆಳಕ್ಕಿಳಿಯುವಾಗ ಇದು ಇನ್ನೂ ಹೆಚ್ಚುತ್ತದೆ. ಮುಚ್ಚಳ ತೆರೆದೊಡನೆ ಗಾಳಿ ಒಳನುಗ್ಗುವ ಸದ್ದು ಕೇಳಿ, ನಂತರ ನೀರು ಚೆನ್ನಾಗಿ ಚಿಮ್ಮಿದರೆ ದೋಷ ಅಲ್ಲಿಯೇ ಇದೆ. ಕಿಂಡಿ ತೊಳೆದರೆ ಮುಗಿಯಿತು.

ಮುಂದಿನ ಬಾರಿ ಹೊರಡುವಾಗ, ಮೈನಸ್ 20 ಡಿಗ್ರಿಯವರೆಗೂ ಹೆಪ್ಪುಗಟ್ಟದ ವಾಷರ್ ದ್ರವವನ್ನೇ ತುಂಬಿಸಿ. ಹಳೆಯ ನೀರನ್ನು ಮೊದಲು ಖಾಲಿ ಮಾಡಿ, ಹೊಸ ದ್ರವ ನಾಜಲ್‌ನಿಂದ ಹೊರಬರುವವರೆಗೂ ವಾಷರ್ ಓಡಿಸಬೇಕು. ಪೈಪಿನಲ್ಲಿ ನಿಂತ ಸಾದಾ ನೀರು ಇಲ್ಲದಿದ್ದರೆ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ರೇಡಿಯೇಟರ್ ಕೂಲಂಟ್ ಖಂಡಿತ ಬೇಡ, ಅದು ಗಾಜಿನ ಮೇಲೆ ಜಿಡ್ಡಾಗಿ ಹರಡಿ ದಾರಿಯೇ ಕಾಣದಂತೆ ಮಾಡುತ್ತದೆ. ಸರಿಯಾದ ದ್ರವದಲ್ಲಿಯೂ ಒಂದು ಎಚ್ಚರಿಕೆ ಬೇಕು: ಅದರಲ್ಲಿರುವ ಆಲ್ಕೋಹಾಲ್ ಬೇಗ ಆರಿಹೋಗಿ, ಉಳಿದ ನೀರು ತಣ್ಣನೆಯ ಗಾಜಿನ ಮೇಲೆ ಮಂಜಿನ ಪರದೆಯಾಗಬಹುದು. ಆದ್ದರಿಂದ ಗಾಜಿಗೆ ಬಿಸಿಗಾಳಿ ಹಾಯಿಸಿ, ಅದು ಬೆಚ್ಚಗಾದ ಮೇಲೆಯೇ ವಾಷರ್ ಒತ್ತಿ.

ದಾರಿಯಲ್ಲಿ ನಾಜಲ್ ಕಟ್ಟಿದರೆ ಕುದಿಯುವ ನೀರು ಸುರಿಯಬೇಡಿ, ಗಾಜು ಬಿರುಕು ಬಿಡುತ್ತದೆ. ಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ನಾಜಲ್ ಮೇಲೆ ಒಂದೆರಡು ನಿಮಿಷ ಹಿಡಿದರೆ ಸಾಕು. ಅದಕ್ಕೂ ಜಗ್ಗದಿದ್ದರೆ, ಕಾರಿನೊಳಗೆ ಇಟ್ಟುಕೊಂಡ ಬಾಟಲಿಯ ದ್ರವದಿಂದ ಗಾಜು ಒರೆಸಿ ಕೆಳಕ್ಕಿಳಿಯಿರಿ. ಒಣಧೂಳಿನ ಮೇಲೆ ವೈಪರ್ ಮಾತ್ರ ಓಡಿಸಬೇಡಿ, ಆ ಗೀರುಗಳು ಮತ್ತೆ ಹೋಗುವುದಿಲ್ಲ.

ನಿಮ್ಮ ಕಾರಿನಲ್ಲಿ ಈಗ ಪರೀಕ್ಷಿಸಬೇಕಾದದ್ದು ಒಂದೇ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಅದರಿಂದ ಎಲ್ಲಾದರೂ ಬಿರುಕು ಬಿಟ್ಟು ಸೋರುತ್ತಿದೆಯೇ ನೋಡಬೇಕು. ಟ್ಯಾಂಕ್ ತುಂಬಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪತ್ರಿಕೆ ಒಣಗಿದ್ದರೆ ಪಂಪನ್ನಾಗಲಿ ಟ್ಯಾಂಕನ್ನಾಗಲಿ ಮುಟ್ಟುವ ಅಗತ್ಯವಿಲ್ಲ; ಒದ್ದೆಯಾಗಿದ್ದರೆ ಪಂಪ್ ಕೂರುವ ಜಾಗದ ರಬ್ಬರ್ ಬಳೆಯನ್ನು ಮೊದಲು ನೋಡಿಸಿ.