ಪಂಜರದಲ್ಲಿ ಮೀನು ಸಾಕೋದು ಸಮುದ್ರಕ್ಕೆ ಭಾರವೇ, ಅಲ್ಲವೇ? ಅಳೆಯೋದು ಹೇಗೆ?

ಮೊದಲು ಮೇವಿನ ಲೆಕ್ಕ ಹಿಡಿಯಿರಿ. ಒಂದು ಕೆಜಿ ಮೀನು ಬೆಳೆಯಲು ಎಷ್ಟು ಕೆಜಿ ಮೇವು ಬೇಕಾಯಿತು? ಇದಕ್ಕೆ ಎಫ್‌ಸಿಆರ್ ಅಂತಾರೆ. ಆದರೆ ಇದೊಂದೇ ನೋಡಿದರೆ ಮೋಸ ಹೋಗ್ತೀರಿ. ಮೇವಿನೊಳಗೆ ಸಮುದ್ರದಿಂದ ಹಿಡಿದ ಮೀನು ಎಷ್ಟಿದೆ ಅನ್ನೋದೇ ಅಸಲಿ ಪ್ರಶ್ನೆ. ಒಂದು ಕೆಜಿ ಮೀನುಹುಡಿಗೆ ಸುಮಾರು 4ರಿಂದ 5 ಕೆಜಿ ಹಸಿ ಮೀನು ಬೇಕು. ಎಫ್‌ಸಿಆರ್ 1.5, ಮೇವಿನಲ್ಲಿ ಶೇ 20 ಮೀನುಹುಡಿ ಅಂದುಕೊಳ್ಳಿ. ಆಗ 300 ಗ್ರಾಂ ಹುಡಿ, ಅಂದರೆ 1.2ರಿಂದ 1.5 ಕೆಜಿಯಷ್ಟು ಹಸಿ ಮೀನು. ಕೊಟ್ಟದ್ದಕ್ಕಿಂತ ಪಡೆದದ್ದು ಕಡಿಮೆಯೇ ಆಯ್ತು, ಅಲ್ವಾ? ಕಾರವಾರದ ಪಂಜರದ ಸೀಬಾಸ್ ಮೀನಿಗೆ ನೇರವಾಗಿ ತಾರ್ಲೆ (ಭೂತಾಯಿ ಮೀನು) ಕತ್ತರಿಸಿ ಹಾಕಿದರೆ ಲೆಕ್ಕ ಇನ್ನೂ ಕೆಡುತ್ತದೆ.

ಎರಡನೆಯದು ಪಂಜರದ ಅಡಿಯ ಕೆಸರು. ಒಂದು ಹಿಡಿ ಮೇಲೆತ್ತಿ ಮೂಸಿ. ಕಪ್ಪಗಾಗಿ ಕೊಳೆತ ಮೊಟ್ಟೆ ವಾಸನೆ ಹೊಡೆದರೆ ಮೇವು, ಹಿಕ್ಕೆ ಜಾಸ್ತಿ ಬಿದ್ದಿದೆ ಅಂತ ಅರ್ಥ. ನೀರಿನ ಆಮ್ಲಜನಕವನ್ನು ಬೆಳಗಿನ ಜಾವವೇ ಅಳೆಯಿರಿ, ಕಡಿಮೆ ಇರೋದು ಆಗಲೇ. ಮಧ್ಯಾಹ್ನ ಅಳೆದರೆ ಸುಮ್ನೆ ಸಮಾಧಾನ ಅಷ್ಟೇ.

ಔಷಧಿ ಬಳಕೆ, ಸತ್ತ ಮೀನಿನ ಎಣಿಕೆ, ಮರಿ ಎಲ್ಲಿಂದ ಬಂತು ಎಂಬುದನ್ನೂ ಬರೆದಿಡಿ.

ನನ್ನ ಕೇಳಿದರೆ, ಉತ್ತರ ಕನ್ನಡದ ಅಘನಾಶಿನಿ ನದಿಯ ಹಳೇ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಪದ್ಧತಿಗೆ ಹೆಚ್ಚು ಅಂಕ ಕೊಡ್ತೀನಿ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಬ್ಬರದ ನೀರಿನ ಜೊತೆ ಬಂದ ಸಿಗಡಿ, ಮೀನು. ಇಳುವರಿ ಕಡಿಮೆ, ನಿಜ. ಆದರೆ ಮೇವಿನ ಚೀಲವೇ ಬೇಕಿಲ್ಲ.